ಟಿಟಿ ಹಾಕಿಸಿದ ಮೇಲೆ ಅಮ್ಮನ ಕಂಕುಳಲ್ಲಿ ಗಂಟು

ಪ್ರಶ್ನೆ, ಸಕಲೇಶಪುರದಿಂದ:

ಡಾಕ್ಟ್ರೇ, ನಮಸ್ಕಾರ. ನಮ್ಮಮ್ಮನಿಗೆ 58 ವರ್ಷ. ಸೋಮವಾರ ತೋಟದ ಬೇಲಿ ಸರಿಮಾಡುವಾಗ ತುಕ್ಕು ಹಿಡಿದ ಮುಳ್ಳುತಂತಿ ಕೈಗೆ ಗೀರಿತು. ಅವತ್ತೇ ಎಡತೋಳಿಗೆ ಟಿಟಿ (ಧನುರ್ವಾಯು, ಅಂದರೆ ಟೆಟನಸ್ ತಡೆಯುವ ಲಸಿಕೆ) ಹಾಕಿಸಿದೆವು. ಗುರುವಾರ ಸ್ನಾನ ಮಾಡುವಾಗ ಎಡ ಕಂಕುಳಲ್ಲಿ ಗಂಟು ಸಿಕ್ಕಿತಂತೆ. ನಾನೂ ಮುಟ್ಟಿ ನೋಡಿದೆ. ನೆನೆಸಿದ ಕಡಲೆಕಾಳಿಗಿಂತ ಸ್ವಲ್ಪ ದಪ್ಪ, ಒತ್ತಿದರೆ ಜಾರುತ್ತದೆ, ನೋವಿದೆ. ಪಕ್ಕದ ಮನೆ ಅಜ್ಜಿ ಬಿಸಿ ಎಣ್ಣೆ ಹಚ್ಚಿ ತಿಕ್ಕಿ ಅಂತಾರೆ. ಅಮ್ಮನಿಗೆ ಕ್ಯಾನ್ಸರ್ ಇರಬಹುದು ಅಂತ ಭಯ, ರಾತ್ರಿ ನಿದ್ದೆ ಮಾಡುತ್ತಿಲ್ಲ.

ಇನ್ನೊಂದು ವಿಷಯ. ಅಮ್ಮನಿಗೆ ಚಿಕ್ಕವಳಿದ್ದಾಗ ದಡಾರ ಬಂದಿತ್ತು, ಆಮೇಲೆ ಬರಲೇ ಇಲ್ಲ. ಹಾಗಿದ್ದರೆ ಟಿಟಿ ಮಾತ್ರ ಯಾಕೆ ಮತ್ತೆ ಮತ್ತೆ?

ಉತ್ತರ, ಹಾಸನದ ಡಾಕ್ಟರ್:

ಮೊದಲು ಅಮ್ಮನಿಗೆ ಧೈರ್ಯ ಹೇಳಿ. ನೀವು ಬರೆದ ಲಕ್ಷಣ ನೋಡಿದರೆ ಇದು ಲಸಿಕೆಗೆ ಊದಿಕೊಂಡ ದುಗ್ಧಗ್ರಂಥಿ (ಲಿಂಫ್ ನೋಡ್, ರೋಗಾಣುಗಳನ್ನು ತಡೆಯುವ ಸಣ್ಣ ಗಂಟು) ಇದ್ದ ಹಾಗಿದೆ. ತಿಕ್ಕಬೇಡಿ. ಆದರೆ ಒಂದು ಮಾತು ತಿಳಿಯಬೇಕು: ತಂತಿ ಗೀರಿದ್ದು ಯಾವ ಕೈಗೆ? ಬರೆಯಿರಿ.

ಯಾಕೆ ಕೇಳಿದೆ ಅಂದರೆ, ನಿಮ್ಮೂರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಘಟ್ಟದ ಏರಿನಲ್ಲಿ ಈ ಕಡೆ ಬಿದ್ದ ಮಳೆ ಹೇಮಾವತಿಗೆ ಸೇರಿ ಗೊರೂರಿಗೆ ಬರುತ್ತದೆ, ಆ ಕಡೆ ಬಿದ್ದದ್ದು ನೇತ್ರಾವತಿಗೆ ಇಳಿಯುತ್ತದೆ. ದೇಹದಲ್ಲೂ ಹೀಗೇ. ರಕ್ತನಾಳದಿಂದ ಜಿನುಗಿದ ನೀರು ಸಣ್ಣ ಸಣ್ಣ ನಾಳಗಳಲ್ಲಿ ವಾಪಸ್ ಹರಿಯುತ್ತದೆ. ಎಡಗೈಯದು ಎಡ ಕಂಕುಳಿಗೆ, ಬಲಗೈಯದು ಬಲ ಕಂಕುಳಿಗೆ. ಕಾಲಿಗೆ ಗಾಯ ಆದಾಗ ತೊಡೆಸಂದಿನಲ್ಲಿ ಗಂಟು ಕಟ್ಟುತ್ತದಲ್ಲ, ಅದೂ ಇದೇ ಲೆಕ್ಕ. ಈ ನೀರು ರಕ್ತಕ್ಕೆ ಸೇರುವ ಮೊದಲು ದುಗ್ಧಗ್ರಂಥಿಗಳನ್ನು ಹಾದು ಹೋಗಬೇಕು. ಮೈಯಲ್ಲಿ ಅಂಥವು ಸುಮಾರು 600 ಇವೆ.

ತೋಳಿಗೆ ಹಾಕಿದ ಲಸಿಕೆಯ ಚೂರುಗಳು ಈ ದಾರಿಯಲ್ಲೇ ಕಂಕುಳಿಗೆ ಬರುತ್ತವೆ. ಕೆಲವು ಹಾಗೇ ಹರಿದು ಬರುತ್ತವೆ, ಕೆಲವನ್ನು ಅಲ್ಲಿಯ ಜೀವಕೋಶಗಳು ಹೊತ್ತು ತರುತ್ತವೆ. ಗ್ರಂಥಿಯೊಳಗೆ ಬಿ ಮತ್ತು ಟಿ ಎಂಬ ಲಕ್ಷಾಂತರ ಕೋಶಗಳು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಕಾದಿರುತ್ತವೆ. ಈ ಚೂರಿಗೆ ಹೊಂದುವವು ಅವುಗಳಲ್ಲಿ ತೀರಾ ಕಡಿಮೆ. ಹೊಂದುವ ಕೋಶ ಸಿಕ್ಕ ಕೂಡಲೇ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಗ್ರಂಥಿ ಊದುವುದು ಅದಕ್ಕೇ. ಒಳಗೆ ಬಿ ಕೋಶಗಳು ಪ್ರತಿ ಸುತ್ತಿನಲ್ಲೂ ಸ್ವಲ್ಪ ಬದಲಾಗುತ್ತವೆ. ಚೂರನ್ನು ಗಟ್ಟಿಯಾಗಿ ಹಿಡಿಯುವವು ಉಳಿಯುತ್ತವೆ, ಹಿಡಿಯಲಾಗದವು ಸಾಯುತ್ತವೆ. ಈ ಆಯ್ಕೆ ವಾರಗಟ್ಟಲೆ ನಡೆಯುತ್ತದೆ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆ ಪಡೆದ ಕೆಲವರ ಕಂಕುಳಿನ ಗ್ರಂಥಿಯಿಂದ ಸೂಜಿಯಲ್ಲಿ ಕೋಶ ತೆಗೆದು ನೋಡಿದಾಗ, 12 ವಾರಗಳ ಮೇಲೂ ಕೆಲಸ ನಡೆಯುತ್ತಲೇ ಇತ್ತು. ಗಂಟು ಮಾತ್ರ ಅದಕ್ಕಿಂತ ಬೇಗ ಕೈಗೆ ಸಿಗದಂತಾಗುತ್ತದೆ.

ಗೆದ್ದ ಕೋಶಗಳಲ್ಲಿ ಎರಡು ಬಗೆ. ಕೆಲವು ನೆನಪಿನ ಕೋಶಗಳಾಗಿ ಗ್ರಂಥಿಗಳಲ್ಲಿ, ಗುಲ್ಮದಲ್ಲಿ (ಸ್ಪ್ಲೀನ್), ರಕ್ತದಲ್ಲಿ ಸುಮ್ಮನಿರುತ್ತವೆ. ಕೆಲವು ಮೂಳೆಮಜ್ಜೆಗೆ ಹೋಗಿ ಕೂತು ವರ್ಷಗಟ್ಟಲೆ ಪ್ರತಿಕಾಯ (ರೋಗಾಣುವಿಗೆ, ಅದರ ವಿಷಕ್ಕೆ ಅಂಟಿ ತಡೆಯುವ ಪ್ರೋಟೀನ್) ಮಾಡುತ್ತವೆ. ನೀವು ಹೊಟ್ಟೆಯಲ್ಲಿದ್ದಾಗ ಅಮ್ಮನಿಗೆ ಟಿಟಿ ಹಾಕಿರುತ್ತಾರೆ, ಕೇಳಿ ನೋಡಿ. ಆಗ ಹುಟ್ಟಿದ ನೆನಪಿನ ಕೋಶಗಳೇ ಈಗ ಎದ್ದಿರಬೇಕು. ಮೂರೇ ದಿನಕ್ಕೆ ಗಂಟು ಕಂಡದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಅಂದಿನ ಪ್ರತಿಕಾಯ ಕರುಳಬಳ್ಳಿಯ ಮೂಲಕ ನಿಮಗೂ ಬಂದಿತ್ತು. ನಾನು ಓದುವಾಗ ನಮ್ಮ ಮೇಷ್ಟ್ರು ಹುಟ್ಟಿದ ಮಕ್ಕಳ ಧನುರ್ವಾಯು ಬಗ್ಗೆ ಹೇಳುತ್ತಿದ್ದರೆ ಕ್ಲಾಸೆಲ್ಲ ಸ್ತಬ್ಧ. 2015ರಲ್ಲಿ ಭಾರತ ಅದನ್ನು ನಿವಾರಿಸಿದ ದೇಶ ಎನಿಸಿಕೊಂಡಿತು. ಗರ್ಭಿಣಿಯರಿಗೆ ಹಾಕಿದ ಟಿಟಿಯ ಪಾತ್ರ ಅದರಲ್ಲಿ ದೊಡ್ಡದು.

ಈಗ ದಡಾರದ ವಿಷಯ. ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಬಂದು ಹೋಯಿತು. ಆಮೇಲೆ 65 ವರ್ಷ ಇಲ್ಲ. 1846ರಲ್ಲಿ ಮತ್ತೆ ಬಂದಾಗ ಪಾನುಮ್ ಎಂಬ ಡಾಕ್ಟರ್ ಮನೆಮನೆ ಸುತ್ತಿ ವಿಚಾರಿಸಿದರು. ಹಿಂದೆ ಬಂದಿದ್ದ ಮುದುಕರಲ್ಲಿ ಒಬ್ಬರಿಗೂ ಮತ್ತೆ ಬಂದದ್ದು ಅವರಿಗೆ ಕಾಣಲಿಲ್ಲ. ನಿಮ್ಮಮ್ಮನದೂ ಅಂಥದ್ದೇ ನೆನಪು.

ಧನುರ್ವಾಯು ಬೇರೆ. ಅದರ ವಿಷ ಎಷ್ಟು ಕಡಿಮೆ ಸಾಕೆಂದರೆ, ಕಾಯಿಲೆ ಬಂದು ಬದುಕಿ ಉಳಿದವರಿಗೂ ರಕ್ಷಣೆ ಹುಟ್ಟುವುದಿಲ್ಲ. ಅವರಿಗೂ ಲಸಿಕೆ ಬೇಕು. ಇನ್ನು ನೆನಪಿನ ಕೋಶ ಎದ್ದು ಪ್ರತಿಕಾಯ ತಯಾರಿಸಲು ಕೆಲವು ದಿನ ಬೇಕು. ವಿಷ ನರಕ್ಕೆ ಅಂಟಿದ ಮೇಲೆ ಬಿಡಿಸಲು ಬರುವುದಿಲ್ಲ. ಹಾಗಾಗಿ ಪ್ರತಿಕಾಯ ರಕ್ತದಲ್ಲಿ ಮೊದಲೇ ಇರಬೇಕು. 2007ರ ಒಂದು ಅಮೆರಿಕದ ಅಧ್ಯಯನದ ಪ್ರಕಾರ ಧನುರ್ವಾಯುವಿನ ಪ್ರತಿಕಾಯ ಅರ್ಧಕ್ಕಿಳಿಯಲು ಸುಮಾರು 11 ವರ್ಷ. ದಡಾರದ್ದು ಜೀವಮಾನವಿಡೀ ಇಳಿಯುವುದೇ ಇಲ್ಲ ಅನ್ನುವಷ್ಟು ನಿಧಾನ. ಅದಕ್ಕೇ 10 ವರ್ಷಕ್ಕೊಮ್ಮೆ ಟಿಟಿ. ಗೊಬ್ಬರ, ಮಣ್ಣು ತಾಗಿದ ಗಾಯವಾದರೆ, ಕೊನೆಯ ಡೋಸ್ ಆಗಿ 5 ವರ್ಷ ದಾಟಿದ್ದರೂ ಹಾಕಿಸಬೇಕು. ತೋಟದ ಕೆಲಸಕ್ಕೆ ಬರುವವರಿಗೂ ಇದನ್ನು ಹೇಳಿ ದಯವಿಟ್ಟು.

ಅರಸೀಕೆರೆಯಿಂದ ಒಬ್ಬರು:

ಸಾರ್, ಹಾಗಾದರೆ ಡೆಂಗ್ಯೂ ಒಮ್ಮೆ ಬಂದರೆ ಮತ್ತೆ ಬರಲ್ಲ ಅಲ್ವಾ? ನನಗೆ ಎರಡು ವರ್ಷದ ಹಿಂದೆ ಆಗಿತ್ತು.

ಡಾಕ್ಟರ್:

ಬರುತ್ತದೆ, ಹುಷಾರಾಗಿರಿ. ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆ. ಬಂದ ಬಗೆಯ ನೆನಪು ಬಹಳ ಕಾಲ ಉಳಿಯುತ್ತದೆ, ಉಳಿದ ಮೂರಕ್ಕೆ ಕೆಲವು ತಿಂಗಳಷ್ಟೇ. ಆಮೇಲೆ ಬೇರೆ ಬಗೆ ಬಂದರೆ ಹಳೆ ಪ್ರತಿಕಾಯ ವೈರಸ್‌ಗೆ ಅಂಟುತ್ತದೆ, ಆದರೆ ಕಟ್ಟಿಹಾಕುವುದಿಲ್ಲ. ಕೆಲವೊಮ್ಮೆ ಅದು ಜೀವಕೋಶದೊಳಗೆ ಹೋಗಲು ದಾರಿಯನ್ನೇ ಮಾಡಿಕೊಡುತ್ತದೆ. ಎರಡನೇ ಸಲ ಜಾಸ್ತಿ ಅಪಾಯ ಇದರಿಂದಲೇ. ಜ್ವರ ಇಳಿಯುವಾಗ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ತಕ್ಷಣ ಹೋಗಿ.

ಸಕಲೇಶಪುರದಿಂದ:

ಡಾಕ್ಟ್ರೇ, ತಂತಿ ಗೀರಿದ್ದು ಬಲಗೈಗೆ. ಗಾಯ ಒಣಗುತ್ತಿದೆ, ಕೀವಿಲ್ಲ, ಜ್ವರವಿಲ್ಲ. ನಾನು ಹುಟ್ಟುವ ಮೊದಲು ಟಿಟಿ ಎರಡು ಸಲ ಹಾಕಿದ್ದರಂತೆ. ಅಮ್ಮನಿಗೆ ನೆನಪಿದೆ.

ಡಾಕ್ಟರ್:

ಹಾಗಿದ್ದರೆ ಎಡಗಡೆಯ ಗಂಟು ಇಂಜೆಕ್ಷನ್ನಿನದೇ ಇರಬೇಕು, ಗಾಯದ್ದಲ್ಲ. ನೋವಿದ್ದರೆ ತಣ್ಣೀರು ಬಟ್ಟೆ ಇಡಿ, ಬೇಕಾದರೆ ಪ್ಯಾರಾಸಿಟಮಾಲ್ ಕೊಡಿ. ಕೈ ಆಡಿಸುತ್ತಿರಲಿ. ಸ್ನಾಯು ಆಡಿದಷ್ಟೂ ಆ ನೀರು ಚೆನ್ನಾಗಿ ಹರಿಯುತ್ತದೆ. ಇಂಜೆಕ್ಷನ್ ಹಾಕಿದ ದಿನ ಕ್ಯಾಲೆಂಡರಿನಲ್ಲಿ ಬರೆದಿಡಿ. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಇಳಿಯುತ್ತದೆ. 6 ವಾರವಾದರೂ ಇಳಿಯದಿದ್ದರೆ, ಗಂಟು ಕಲ್ಲಿನ ಹಾಗೆ ಗಟ್ಟಿಯಾದರೆ, ಬೆಳೆಯುತ್ತಾ ಹೋದರೆ, ಸ್ತನದಲ್ಲೂ ಗಂಟು ಸಿಕ್ಕರೆ ಕಾಯದೆ ತೋರಿಸಿ. ಬಲಗೈ ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಎದ್ದರೆ ಅದೇ ದಿನ ಕರೆದುಕೊಂಡು ಬನ್ನಿ.