78 ವೇಗದ ತಟ್ಟೆ ಮತ್ತು ಎಲ್‌ಪಿಗಳನ್ನು ಮನೆಯಲ್ಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗ್ಗೆ

ಪ್ರಶ್ನೆ (ದಾವಣಗೆರೆಯಿಂದ)

ತಾತನವರು ಕೂಡಿಟ್ಟ ಗ್ರಾಮಫೋನ್ ತಟ್ಟೆಗಳು ಪಿ.ಜೆ. ಬಡಾವಣೆಯ ನಮ್ಮ ಮನೆಯ ಅಟ್ಟದಲ್ಲಿವೆ. ಕೆಲವು ಬಿದ್ದರೆ ಒಡೆಯುವಂಥ, ಭಾರವಾದ 78 ವೇಗದ (ನಿಮಿಷಕ್ಕೆ 78 ಸುತ್ತಿನ) ನಾಟಕದ ಸೆಟ್ಟುಗಳು, ಉಳಿದವು ಎಲ್‌ಪಿಗಳು (33 ವೇಗದ, ಹೆಚ್ಚು ಹೊತ್ತು ಓಡುವ ತಟ್ಟೆಗಳು). ನನ್ನಲ್ಲಿರುವ ಪ್ಲೇಯರನ್ನು ಯುಎಸ್‌ಬಿ ಮೂಲಕ ನೇರವಾಗಿ ಲ್ಯಾಪ್‌ಟಾಪಿಗೆ ಸೇರಿಸಬಹುದು, ಆದರೆ ಅದರಲ್ಲಿ 33 ಮತ್ತು 45 ವೇಗಗಳು ಮಾತ್ರ ಇವೆ. ಎರಡೂ ಬಗೆಯ ತಟ್ಟೆಗಳನ್ನು ಇದರಲ್ಲೇ ಮುದ್ರಿಸಿಕೊಳ್ಳಬಹುದೇ? ಎಂಪಿ3 ಸಾಕೇ? ಕೊಳೆ ತೆಗೆಯಲು ಸ್ಪಿರಿಟ್ ಹಚ್ಚಿ ಎಂದು ಒಬ್ಬರು ಹೇಳಿದರು, ನನಗೆ ಧೈರ್ಯ ಬರಲಿಲ್ಲ.

ಉತ್ತರ 1 (ಚಿತ್ರದುರ್ಗದಿಂದ)

ಮಾನ್ಯರೇ, ಧೈರ್ಯ ಬಾರದಿದ್ದುದೇ ಒಳ್ಳೆಯದಾಯಿತು. 78 ವೇಗದ ತಟ್ಟೆಗಳಲ್ಲಿ ಹೆಚ್ಚಿನವು ಅರಗಿನಿಂದ ಮಾಡಿದವು. ಅರಗು ಸ್ಪಿರಿಟ್ಟಿನಲ್ಲಿ ಕರಗುವುದರಿಂದ ಕೊಳೆಯ ಜೊತೆಗೆ ಧ್ವನಿಯೂ ಹೋಗುತ್ತದೆ. ಪಾತ್ರೆ ತೊಳೆಯುವ ದ್ರಾವಣದ ಒಂದೆರಡು ಹನಿ ಬೆರೆಸಿದ ನೀರಿನಲ್ಲಿ, ನಡುವಿನ ಕಾಗದದ ಲೇಬಲ್ ನೆನೆಯದಂತೆ, ಮೆತ್ತನೆಯ ಬ್ರಶ್ಶಿನಿಂದ ಗೆರೆಗಳ ಜಾಡಿನಲ್ಲೇ ಉಜ್ಜಿ, ಬೇರೆ ನೀರಿನಲ್ಲಿ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಆದರೆ ಕೊಳವೆಬಾವಿಯ ನೀರು ಬೇಡ. ನಮ್ಮ ದುರ್ಗದ ಕಡೆಯ ಗಡಸು ನೀರು ಬಚ್ಚಲುಮನೆಯ ನಲ್ಲಿಗಳನ್ನು ಏನು ಮಾಡುತ್ತದೆಂದು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೇ ಸಾಕು.

ಇನ್ನು ಸೂಜಿಯ ವಿಷಯ. ನನ್ನ ದೃಷ್ಟಿಯಲ್ಲಿ ಕೆಲಸದ ಮುಕ್ಕಾಲು ಪಾಲು ನಿರ್ಧಾರವಾಗುವುದು ಇಲ್ಲಿಯೇ. 1948ರಲ್ಲಿ ಬಂದ ಎಲ್‌ಪಿಯ ಗೆರೆ ಬಹಳ ಸಣ್ಣದು, ಅದರ ಸೂಜಿಯ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). 78ರ ಅಗಲ ಗೆರೆಗೆ ಸುಮಾರು 70 ಮೈಕ್ರಾನಿನ ಸೂಜಿ ಬೇಕು. ಎಲ್‌ಪಿಯ ಸೂಜಿಯನ್ನು 78ರ ಮೇಲಿಟ್ಟರೆ ಅದು ಗೆರೆಯ ತಳದಲ್ಲಿ, ಧೂಳಿನ ನಡುವೆ ಹೊರಳಾಡುತ್ತ ಕರಕರ ಸದ್ದನ್ನೇ ಹೆಚ್ಚಾಗಿ ಎತ್ತುತ್ತದೆ. ನಿಮ್ಮ ಪ್ಲೇಯರಿನ ಸೂಜಿ ಬಿಚ್ಚಿ ಹಾಕುವಂಥದ್ದಾದರೆ ಅದಕ್ಕೊಪ್ಪುವ 78ರ ಸೂಜಿ ಸಿಗುತ್ತದೆಯೇ ಎಂದು ವಿಚಾರಿಸಿ. ಹಾಗೆಯೇ, ಕೀಲಿ ಕೊಡುವ ಹಳೆಯ ಗ್ರಾಮಫೋನ್ ಮನೆಯಲ್ಲಿದ್ದರೆ ಅದರ ಮೇಲೆ ಎಲ್‌ಪಿಯನ್ನು ಎಂದೂ ಇಡಬೇಡಿ, ಆ ಭಾರದ ಉಕ್ಕಿನ ಮುಳ್ಳು ಒಂದೇ ಸಲಕ್ಕೆ ಗೆರೆಯನ್ನು ಕೆರೆದುಹಾಕುತ್ತದೆ.

ಉತ್ತರ 2 (ದಾವಣಗೆರೆಯಿಂದ)

ಮೇಲಿನವರ ಮಾತಿಗೆ ಸೇರಿಸುತ್ತೇನೆ. 78ರ ತಟ್ಟೆಯನ್ನು 45ರಲ್ಲಿ ಓಡಿಸಿ ಮುದ್ರಿಸಿಕೊಂಡು, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವೇಗವನ್ನು 1.733 ಪಟ್ಟು ಹೆಚ್ಚಿಸಬಹುದು. ಆದರೆ ಪ್ಲೇಯರಿನೊಳಗಿನ ಪ್ರೀಆಂಪ್ (ಸೂಜಿಯಿಂದ ಬಂದ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಭಾಗ) ಎಲ್‌ಪಿಗಾಗಿ ನಿಗದಿಯಾದ ರೀತಿಯಲ್ಲಿ ಮಂದ್ರವನ್ನು ಏರಿಸಿ ತಾರವನ್ನು ಇಳಿಸುವುದರಿಂದ, ವೇಗ ಬದಲಿಸಿದಾಗ ಆ ತಿದ್ದುಪಡಿಯೂ ಸ್ಥಾನಪಲ್ಲಟವಾಗುತ್ತದೆ. ಮಾತೇ ಪ್ರಧಾನವಾದ ನಾಟಕಕ್ಕೆ ಇದು ನಡೆದೀತು. ಸಂಗೀತಕ್ಕೆ 78 ವೇಗವಿರುವ ಪ್ಲೇಯರನ್ನು ಎರವಲು ತರುವುದೇ ಮೇಲು.

ಮೂಲಪ್ರತಿಗೆ ಎಂಪಿ3 ಬೇಡ. ಅದು ಕಡತವನ್ನು ಚಿಕ್ಕದಾಗಿಸಲು ಧ್ವನಿಯ ಕೆಲವು ಅಂಶಗಳನ್ನು ಕಳೆಯುತ್ತದೆ. ಏನನ್ನೂ ಕಳೆಯದ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿಡಿ. 16 ಬಿಟ್, 44.1 ಕಿಲೋಹರ್ಟ್ಸ್‌ನಲ್ಲಿ (ಅಂದರೆ ಸಿಡಿಯ ಗುಣಮಟ್ಟದಲ್ಲಿ) 20 ನಿಮಿಷದ ಒಂದು ಮಗ್ಗುಲಿಗೆ ವೇವ್ ಸುಮಾರು 200 ಎಂಬಿ ಆಗುತ್ತದೆ. ಇಂಥ ಪ್ಲೇಯರಿಗೆ ಇದಕ್ಕಿಂತ ಹೆಚ್ಚಿನದಕ್ಕೆ ಆಸೆಪಡುವ ಬದಲು ಆ ಹಣವನ್ನು ಸೂಜಿಗೆ ಹಾಕಿ. ಮುದ್ರಿಸುವಾಗ ಅತಿ ಜೋರಾದ ಭಾಗವೂ ತಂತ್ರಾಂಶದ ಮಟ್ಟಸೂಚಿಯಲ್ಲಿ −6 ಡೆಸಿಬೆಲ್ ದಾಟದಿರಲಿ. 78ರ ತಟ್ಟೆಗಳು ಮೋನೋ (ಒಂದೇ ಧ್ವನಿವಾಹಿನಿಯವು) ಆದರೂ ಸ್ಟೀರಿಯೋದಲ್ಲೇ ಮುದ್ರಿಸಿ, ಆಮೇಲೆ ಎಡ, ಬಲ ಎರಡೂ ವಾಹಿನಿಗಳನ್ನು ಕೂಡಿಸಿದರೆ ಕರಕರ ಸದ್ದು ಕಡಿಮೆಯಾಗುತ್ತದೆ. ಗದ್ದಲ ತೆಗೆಯುವ ಫಿಲ್ಟರನ್ನು ನಕಲುಪ್ರತಿಯ ಮೇಲೆ ಮಾತ್ರ, ಅದೂ ಕೈಬಿಗಿಹಿಡಿದು ಪ್ರಯೋಗಿಸಿ. ಹೆಚ್ಚಾದರೆ ನಟರು ಕೊಳವೆಯೊಳಗಿಂದ ಮಾತನಾಡಿದಂತೆ ಕೇಳುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ನಾಟಕದ ಒಂದೊಂದು ಮಗ್ಗುಲೂ ಮೂರು ನಿಮಿಷಕ್ಕೇ ಮುಗಿಯುತ್ತದೆ. ಅನುಕ್ರಮ ತಪ್ಪದಂತೆ ಕಡತಗಳಿಗೆ ಹೆಸರಿಡುವುದು ಹೇಗೆ?

ಉತ್ತರ 1 ಬರೆದವರು

ಲೇಬಲ್ಲಿನ ಮೇಲೆ ಅಚ್ಚಾದ ತಟ್ಟೆಯ ಸಂಖ್ಯೆ, ಭಾಗದ ಸಂಖ್ಯೆ, ನಂತರ ನಾಟಕದ ಹೆಸರು, ಈ ಕ್ರಮದಲ್ಲಿ ಇಡಿ. ಲೇಬಲ್ ಅಳಿಸಿಹೋಗಿದ್ದರೆ ಅದರ ಅಂಚಿನ ಖಾಲಿ ಜಾಗದಲ್ಲಿ ಕೊರೆದ ಸಂಖ್ಯೆಯನ್ನು ಓರೆಬೆಳಕಿನಲ್ಲಿ ಓದಬಹುದು. ಪ್ರತಿ ಲೇಬಲ್ಲಿನ ಫೋಟೋವನ್ನೂ ತೆಗೆದು ಅದೇ ಫೋಲ್ಡರಿಗೆ ಹಾಕಿಡಿ.