ಬಿಸಿ-611 ಮತ್ತು ಎಸ್‌ಸಿಆರ್-536: ಒಂದೇ ಸೆಟ್ಟಿಗೆ ಎರಡು ಹೆಸರೇಕೆ?

ಪ್ರಶ್ನೆ, ಬಳ್ಳಾರಿಯಿಂದ

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರಿನ ಗುಜರಿ ಅಂಗಡಿಯೊಂದರಲ್ಲಿ, ಎರಡನೆಯ ಮಹಾಯುದ್ಧದ ಕಾಲದ್ದೆಂದು ತೋರುವ, ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್ಟೊಂದನ್ನು ನೋಡಿಬಂದೆ. ಅದರ ತಗಡಿನ ಪಟ್ಟಿಯ ಮೇಲೆ ‘ಬಿಸಿ-611’ ಎಂದಿದೆ. ಹುಡುಕಿದರೆ ಅದೇ ಚಿತ್ರದ ಕೆಳಗೆ ‘ಎಸ್‌ಸಿಆರ್-536’ ಎಂದು ಬರೆದಿರುತ್ತಾರೆ. ಅಂಗಡಿಯವರಂತೂ ‘ಮೊಟ್ಟಮೊದಲ ವಾಕಿಟಾಕಿ’ ಎಂದು ಹೇಳಿ ಬೆಲೆ ಏರಿಸುತ್ತಿದ್ದಾರೆ. ಯಾವುದು ಸರಿ?

ಉತ್ತರ 1, ಸಿಂಧನೂರಿನಿಂದ

ಎರಡೂ ಸರಿ. ಎಸ್‌ಸಿಆರ್ ಎಂದರೆ ಸಿಗ್ನಲ್ ಕೋರ್ ರೇಡಿಯೊ, ಅಂದರೆ ಅಮೆರಿಕದ ಸೇನೆಯ ಸಂಪರ್ಕ ದಳದ ಸಲಕರಣೆ. ಬಿಸಿ ಎಂಬುದು ಅದರ ಮುಖ್ಯ ಘಟಕದ ಗುರುತು. ತಾವು ಕಂಡ ಪಟ್ಟಿ ಆ ಘಟಕದ್ದು.

ಉತ್ತರ 2, ಗಂಗಾವತಿಯಿಂದ

ಹಿಂದಿನ ಉತ್ತರಕ್ಕೆ ಒಂದು ಸಣ್ಣ ತಿದ್ದುಪಡಿ. ಎಸ್‌ಸಿಆರ್ ಎಂಬುದರ ಮೂಲ ವಿಸ್ತರಣೆ ‘ಸೆಟ್, ಕಂಪ್ಲೀಟ್, ರೇಡಿಯೊ’ ಎಂದಿತ್ತು. ಸಿಗ್ನಲ್ ಕೋರ್ ಎಂಬ ಅರ್ಥ ಬಳಕೆಯಲ್ಲಿ ಗಟ್ಟಿಯಾದದ್ದು ಆಮೇಲೆ. ಬ್ಯಾಟರಿ, ಕ್ರಿಸ್ಟಲ್ (ಆವರ್ತನವನ್ನು ನಿಗದಿಪಡಿಸುವ ಹರಳು), ಆಂಟೆನಾ ಎಲ್ಲವೂ ಸೇರಿದ ಪೂರ್ತಿ ಸಜ್ಜಿಗೆ 536 ಎಂದೂ, ಅದರೊಳಗಿನ ಪ್ರಸಾರಕ-ಗ್ರಾಹಕಕ್ಕೆ 611 ಎಂದೂ ಬೇರೆ ಬೇರೆ ಸಂಖ್ಯೆ ಏಕೆ ಬಂತೆಂಬುದು ಆ ‘ಕಂಪ್ಲೀಟ್’ ಎಂಬ ಮಾತಿನಿಂದಲೇ ತಿಳಿಯುತ್ತದೆ.

ಅಂಗಡಿಯವರ ಮಾತನ್ನು ಮಾತ್ರ ಒಪ್ಪಲಾಗದು. ಷಿಕಾಗೋದ ಗ್ಯಾಲ್ವಿನ್ ಕಂಪನಿ ತಯಾರಿಸಿದ, ಸುಮಾರು 2.3 ಕೆ.ಜಿ. ತೂಕದ, 3.5ರಿಂದ 6 ಮೆಗಾಹರ್ಟ್ಸ್‌ನಲ್ಲಿ ಎಎಂ ವಿಧಾನದಿಂದ ಕೆಲಸ ಮಾಡುವ ಈ ಸೆಟ್ಟಿನ ಹೆಸರು ‘ಹ್ಯಾಂಡಿ-ಟಾಕಿ’. ಆಗ ‘ವಾಕಿ-ಟಾಕಿ’ ಎನಿಸಿಕೊಂಡದ್ದು ಅದೇ ಕಂಪನಿಯ ಎಸ್‌ಸಿಆರ್-300: 40ರಿಂದ 48 ಮೆಗಾಹರ್ಟ್ಸ್‌ನ ಎಫ್‌ಎಂ ಸೆಟ್ಟು, ಸೈನಿಕ ಬೆನ್ನಿಗೆ ಹೊತ್ತು ನಡೆಯುತ್ತ ಮಾತನಾಡುವಂಥದ್ದು. ಅದರ ಪಟ್ಟಿಯ ಮೇಲೂ 300 ಇರುವುದಿಲ್ಲ, ಬಿಸಿ-1000 ಎಂದಿರುತ್ತದೆ. ಬೆನ್ನಿನ ಸೆಟ್ಟಿನ ಹೆಸರು ಕೈಯ ಸೆಟ್ಟಿಗೆ ಅಂಟಿಕೊಂಡು, ನಮ್ಮ ಪೊಲೀಸರ ಬಾಯಲ್ಲೂ ಅದೇ ಉಳಿದಿದೆ. ಹವ್ಯಾಸಿ ರೇಡಿಯೊದವರು ಮಾತ್ರ ಇಂದಿಗೂ ಕೈಸೆಟ್ಟನ್ನು ‘ಎಚ್‌ಟಿ’ ಎನ್ನುತ್ತಾರೆ.

ಕಂಪನಿಯ ಹೆಸರಿನ ಕಥೆಯೂ ಹೀಗೆಯೇ ತಲೆಕೆಳಗು. ‘ಮೋಟೊರೋಲಾ’ ಎಂಬುದು 1930ರಲ್ಲಿ ಕಾರಿನ ರೇಡಿಯೊಗೆ ಇಟ್ಟ ಹೆಸರು. 1947ರಲ್ಲಿ ಕಂಪನಿಯೇ ಅದನ್ನು ತನ್ನ ಹೆಸರಾಗಿಸಿಕೊಂಡಿತು.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು, ಸರ್. ಪಕ್ಕದಲ್ಲಿ ‘ಎಎನ್/ಪಿಆರ್‌ಸಿ-6’ ಎಂಬ ಇನ್ನೊಂದು ಸೆಟ್ಟೂ ಇತ್ತು.

ಉತ್ತರ 3, ಸಿಂಧನೂರಿನಿಂದ

ತಿದ್ದುಪಡಿಯನ್ನು ಒಪ್ಪಿದೆ. ಪಿಆರ್‌ಸಿ-6 ಯುದ್ಧಾನಂತರದ ಕೈಸೆಟ್ಟು. ಅಮೆರಿಕದ ಭೂಸೇನೆ, ನೌಕಾಸೇನೆಗಳು 1943ರಲ್ಲಿ ಒಂದೇ ಪದ್ಧತಿಗೆ ಬಂದವು. ‘ಎಎನ್’ ಅವೆರಡರ ಗುರುತು. ‘ಪಿ’ ಎಂದರೆ ಹೊತ್ತೊಯ್ಯುವಂಥದ್ದು, ‘ಆರ್’ ಎಂದರೆ ರೇಡಿಯೊ, ‘ಸಿ’ ಎಂದರೆ ಸಂಪರ್ಕ.

611ನ್ನು ಕೊಳ್ಳುವುದಾದರೆ ಸೆಟ್ಟನ್ನು ತೆರೆಸಿ, ಐದು ವಾಲ್ವ್‌ಗಳೂ (ಹಳೆಯ ರೇಡಿಯೊಗಳ ಗಾಜಿನ ನಿರ್ವಾತ ಕೊಳವೆಗಳು) ಕ್ರಿಸ್ಟಲ್‌ಗಳೂ ಇವೆಯೇ ಎಂದು ನೋಡಿರಿ. ಅದಕ್ಕೆ ಬೇರೆ ಸ್ವಿಚ್ಚಿಲ್ಲ, ಆಂಟೆನಾ ಎಳೆದರೆ ಸೆಟ್ಟು ಚಾಲೂ ಆಗುತ್ತದೆ. ಆದ್ದರಿಂದ ಅಂಗಡಿಯವರಿಗೆ ಆಂಟೆನಾವನ್ನು ಜಗ್ಗಾಡದಂತೆ ಹೇಳಿರಿ.