ಒಂದು ಫೀಡರಿನ ದುರಸ್ತಿಗೆ ಹತ್ತೂರ ಕರೆಂಟ್ ಹೋಗುವುದು ಹೇಗೆ?

ಆಲೆಮನೆಯವನು, ಮಂಡ್ಯ:
ಕಳೆದ ವಾರ ನಮ್ಮ ಪಕ್ಕದ ಫೀಡರಿಗೆ (ಸಬ್‌ಸ್ಟೇಷನ್ನಿನಿಂದ ಊರುಗಳಿಗೆ ಕರೆಂಟ್ ಒಯ್ಯುವ ಲೈನಿಗೆ) ಮಾತ್ರ, ನಿರ್ವಹಣೆಯ ಸಲುವಾಗಿ, ಸಂಜೆ 5ರವರೆಗೆ ಕರೆಂಟ್ ಇರುವುದಿಲ್ಲವೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದಿತ್ತು. ಅದನ್ನು ನಂಬಿ ಕಬ್ಬು ಅರೆಯಲು ಹಚ್ಚಿದ್ದೆ. ಅವರು ಕೆಲಸ ಮುಗಿಸಿ ಲೈನ್ ಚಾರ್ಜ್ ಮಾಡುವ (ಮತ್ತೆ ಕರೆಂಟ್ ಹರಿಸುವ) ಹೊತ್ತಿಗೆ ನಮ್ಮದೂ ಸೇರಿ ಸುತ್ತಲಿನ ಹಳ್ಳಿಗಳ ಕರೆಂಟೆಲ್ಲ ಒಟ್ಟಿಗೆ ಹೋಯಿತು. ಒಲೆ ಉರಿಯುತ್ತಲೇ ಇತ್ತು, ಗಾಣ ನಿಂತಿತ್ತು, ಕೊಪ್ಪರಿಗೆ ಅರ್ಧವೂ ತುಂಬಿರಲಿಲ್ಲ. ಒಂದು ಕಡೆಯ ದುರಸ್ತಿ ಉಳಿದೆಲ್ಲ ಕಡೆ ಕತ್ತಲು ಮಾಡುವುದು ಹೇಗೆಂದು ಬಲ್ಲವರು ತಿಳಿಸಬೇಕು.

ನಿವೃತ್ತ ಸಬ್‌ಸ್ಟೇಷನ್ ಆಪರೇಟರ್, ಮೈಸೂರು:
ತಮ್ಮ ಊರಿನಲ್ಲಿ ಆದದ್ದೇನೆಂದು ದೋಷ ಕಂಡೊಡನೆ ಲೈನ್ ಕಡಿಸುವ ಸಾಧನವಾದ ರಿಲೇಯ ದಾಖಲೆ ನೋಡದೆ ಹೇಳಲಾಗದು. ಆದರೆ ಕೆಲಸ ಮುಗಿಸಿ ಚಾರ್ಜ್ ಮಾಡುವ ಹೊತ್ತು ಎಂದಿರಲ್ಲ, ಅಪಾಯದ ಗಳಿಗೆಯೇ ಅದು. ಲೈನ್ ಕ್ಲಿಯರ್ (ಕರೆಂಟ್ ತೆಗೆದ ಲೈನಿನ ಮೇಲೆ ಕೆಲಸ ಮಾಡುವ ಅನುಮತಿ) ಪಡೆದವರು ತಮ್ಮ ಜೀವರಕ್ಷಣೆಗಾಗಿ ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ಮಾಡಿಕೊಂಡಿರುತ್ತಾರೆ, ಅಂದರೆ ತಂತಿಗಳನ್ನು ನೆಲಕ್ಕೆ ಜೋಡಿಸಿರುತ್ತಾರೆ. ಅದನ್ನು ತೆಗೆಯಲು ಮರೆತು ಬ್ರೇಕರ್ (ಲೈನಿನ ದೊಡ್ಡ ಸ್ವಿಚ್) ಹಾಕಿದರೆ ಮೂರೂ ಫೇಸುಗಳು ಆ ಕ್ಷಣವೇ ನೆಲಕ್ಕೆ ಶಾರ್ಟ್ ಆಗುತ್ತವೆ. ಆ ಫೀಡರಿನ ಬ್ರೇಕರ್ ಕೂಡಲೇ ಟ್ರಿಪ್ ಆಗದಿದ್ದರೆ (ತಾನಾಗಿ ಕಡಿದುಕೊಳ್ಳದಿದ್ದರೆ) ಅದರ ಹಿಂದಿನ ಬ್ರೇಕರ್ ಬೀಳುತ್ತದೆ, ಆಗ ಅದೇ ಬಸ್ಸಿನ (ಸಬ್‌ಸ್ಟೇಷನ್ನಿನಲ್ಲಿ ಹಲವು ಫೀಡರುಗಳು ಕವಲೊಡೆಯುವ ದಪ್ಪ ವಾಹಕದ) ಮೇಲಿರುವ, ಏನೂ ತಪ್ಪು ಮಾಡದ ಫೀಡರುಗಳೂ ಹೋಗುತ್ತವೆ. 2021ರ ಜನವರಿ 9ರ ರಾತ್ರಿ ಪಾಕಿಸ್ತಾನದ ಗುಡ್ಡು ವಿದ್ಯುತ್ ಸ್ಥಾವರದಲ್ಲಿ ಅರ್ಥಿಂಗ್ ತೆಗೆಯದೆ ಬ್ರೇಕರ್ ಹಾಕಿದ್ದರಿಂದ ಹೆಚ್ಚುಕಡಿಮೆ ಇಡೀ ದೇಶವೇ ಕತ್ತಲಾಗಿತ್ತು. ನಾನು ಮೂರು ಅರ್ಥ್ ರಾಡ್ ಕೊಟ್ಟಿದ್ದರೆ ಆ ಮೂರೂ ಗೋಡೆಯ ಮೊಳೆಗೆ ಮರಳಿದ ಮೇಲೆಯೇ ಹ್ಯಾಂಡಲ್ ಮುಟ್ಟುತ್ತಿದ್ದೆ; ಬರಿಯ ಸಹಿಯನ್ನು ನಂಬುತ್ತಿರಲಿಲ್ಲ.

ರಿಲೇ ಪರೀಕ್ಷಕ, ಮೈಸೂರು:
ಹಿರಿಯರು ಹೇಳಿದ ‘ಕೂಡಲೇ’ ಎಂಬುದರಲ್ಲೇ ಎಲ್ಲವೂ ಇದೆ. 2008ರ ಫೆಬ್ರವರಿ 26ರಂದು ಅಮೆರಿಕದ ಮಯಾಮಿಯ ಫ್ಲಾಗಾಮಿ ಸಬ್‌ಸ್ಟೇಷನ್ನಿನಲ್ಲಿ ಕೆಟ್ಟ ಸ್ವಿಚ್ಚೊಂದನ್ನು ಪರೀಕ್ಷಿಸುತ್ತಿದ್ದ ಎಂಜಿನಿಯರ್, ಮುಖ್ಯ ರಕ್ಷಣೆಯ ಜೊತೆಗೆ ಅದರ ಬ್ಯಾಕಪ್ಪನ್ನೂ ಬಂದ್ ಮಾಡಿದ್ದರು. ಆ ವೇಳೆಗೇ ಶಾರ್ಟ್ ಆಯಿತು. ಕಣ್ಣೆವೆ ಇಕ್ಕುವುದರೊಳಗೆ ಕಡಿದುಹೋಗಬೇಕಿದ್ದ ದೋಷ ಸುಮಾರು 1.7 ಸೆಕೆಂಡು ಉಳಿದು, ವೋಲ್ಟೇಜ್ ಕುಸಿದು, ಅಲ್ಲೇ ಸಮೀಪದ ಟರ್ಕಿ ಪಾಯಿಂಟ್ ಸ್ಥಾವರದ ಎರಡು ಅಣು ಘಟಕಗಳೂ ನಿಂತವು. ಎರಡು ರಕ್ಷಣೆಗಳಲ್ಲಿ ಒಂದನ್ನಾದರೂ ಉಳಿಸಿಕೊಂಡೇ ಕೈಹಾಕಬೇಕೆಂಬುದು ನಮಗೆ ಮೊದಲ ದಿನವೇ ಕಲಿಸುವ ಪಾಠ. ಬೇಗ ಮನೆಗೆ ಹೋಗಬೇಕೆನ್ನುವ ದಿನ ಮರೆಯುವುದೂ ಅದನ್ನೇ.

ಆಲೆಮನೆಯವನು, ಮಂಡ್ಯ:
ಯಾರೂ ಏನನ್ನೂ ಮರೆಯದಿದ್ದರೆ ಈ ಭಯವಿಲ್ಲವೇ?

ನಿವೃತ್ತ ಸಬ್‌ಸ್ಟೇಷನ್ ಆಪರೇಟರ್, ಮೈಸೂರು:
ಇದೆ. 2012ರ ಜುಲೈ 30ರ ನಸುಕಿನಲ್ಲಿ ಬೀನಾ–ಗ್ವಾಲಿಯರ್ ನಡುವಿನ 400 ಕೆ.ವಿ. ಮಾರ್ಗದ ಒಂದು ಸರ್ಕ್ಯೂಟನ್ನು ಮೇಲ್ದರ್ಜೆಗೇರಿಸಲು ಬಿಡಿಸಲಾಗಿತ್ತು. ಉಳಿದೊಂದರ ಮೇಲೆ ಹೊರೆ ಮಿತಿಮೀರಿದಾಗ ರಿಲೇ ಅದನ್ನೇ ದೋಷವೆಂದು ತಿಳಿದು ಟ್ರಿಪ್ ಮಾಡಿತು, ಉತ್ತರ ಭಾರತದ ಗ್ರಿಡ್ (ವಿದ್ಯುತ್ ಜಾಲ) ಬಿದ್ದಿತು. ದಕ್ಷಿಣವು ಆಗ ಉಳಿದ ಗ್ರಿಡ್‌ಗೆ ಅಲ್ಲಿನ ಏರುಪೇರನ್ನು ಇತ್ತ ದಾಟಿಸದ ಡಿ.ಸಿ. (ಏಕಮುಖ ವಿದ್ಯುತ್ತಿನ) ಕೊಂಡಿಗಳಿಂದಷ್ಟೇ ಜೋಡಿಕೊಂಡಿದ್ದರಿಂದ ನಾವು ಉಳಿದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಸೇರಿದ ಮೇಲೆ ನಾವೂ ಅದೇ ಗ್ರಿಡ್ಡಿನವರು.

ಆಲೆಮನೆಯವನು, ಮಂಡ್ಯ:
ಉಪಕಾರವಾಯಿತು. ಸೋಮವಾರ ಸೆಕ್ಷನ್ ಆಫೀಸಿಗೆ ಹೋಗಿ, ಅಂದು ಬಿದ್ದದ್ದು ಫೀಡರಿನ ಬ್ರೇಕರೋ ಅದರ ಹಿಂದಿನದೋ ಎಂದು ಕೇಳಿ ಇಲ್ಲೇ ಬರೆಯುತ್ತೇನೆ. ತೊಟ್ಟಿಯಲ್ಲಿ ಹುಳಿಯಾದ ಕಬ್ಬಿನ ಹಾಲಿನ ಲೆಕ್ಕ ಬೇರೆ ಇದೆ.